ಮರಳಿ ಬಂದ ಮೂಗು

ಪ್ರೀತಿಯ ತಂಗೀ,

ನನ್ನ ಮೂಗು ಮರಳಿ ಬಂತು ಕಣೇ! ಆ ಹಾಳು ಜ್ವರ ಬಂದು ಹೋದಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ, ಊಟವೆಂದರೆ ಹೊಟ್ಟು ಜಗಿದಂತಿತ್ತು. ನಿನ್ನೆ ಮಗಳಿಗೆ ಬಡ್ತಿ ಸಿಕ್ಕಿತೆಂದು ಅಳಿಯಂದಿರು ಫ್ರೆಂಚ್ ಕೆಂಪು ವೈನಿನ ಬಿರಡೆ ಕಿತ್ತರು. ದ್ರಾಕ್ಷಿ ಬಲು ಸೊಗಸಾಗಿ ಬಂದ ವರ್ಷದ್ದೆಂದು ಎತ್ತಿಟ್ಟಿದ್ದರಂತೆ. "ಸುಮ್ನೆ ಮೂಸಿ ನೋಡಿ ಅತ್ತೆ" ಎಂದರು. "ನಂಗೆಲ್ಲಿ ವಾಸನೆ ಬರತ್ತೆ ಬಿಡಿ" ಎನ್ನುತ್ತಲೇ ಲೋಟಕ್ಕೆ ಮೂಗು ಹಚ್ಚಿದೆ. ಮೊದಲು ಏನೂ ಇಲ್ಲ. ಆಮೇಲೆ ನೇರಳೆ ಹಣ್ಣು, ಅದರ ಬೆನ್ನಿಗೇ ಕರಿಮೆಣಸು, ಹೊಸ ಚಪ್ಪಲಿಯ ತೊಗಲು! ಒಂದು ಗುಟುಕು ಕುಡಿದೆ. ನಾಲಿಗೆಯನ್ನು ಹಿಡಿದೆಳೆಯುವ ಒಗರು, ಗಂಟಲಲ್ಲಿ ಬಿಸಿ. ಮೇಜು ಗುದ್ದಿ "ಬಂತು! ಬಂತು!" ಎಂದು ಕೂಗಿದೆ. ಮಗಳು "ಏನಮ್ಮಾ, ವಾಂತಿನಾ?" ಎಂದು ಬಕೆಟ್ ಹಿಡಿದು ಓಡಿ ಬಂದಳು. ನಕ್ಕು ನಕ್ಕು ಎಲ್ಲರ ಕಣ್ಣಲ್ಲೂ ನೀರು. ಎರಡನೇ ಲೋಟ ನಾನೇ ಕೇಳಿ ಹಾಕಿಸಿಕೊಂಡೆ. ಈ ಕಾರ್ಡನ್ನು ಅಂಚೆಯವನು ಓದಿಕೊಂಡರೆ ಓದಿಕೊಳ್ಳಲಿ!

ಮಂಡಿನೋವು ಪರವಾಗಿಲ್ಲ, ಮಾತ್ರೆ ಕಳಿಸಬೇಡ. ಒಳಗೆ ಯಾರೋ ಕಾಫಿ ಸೋಸುತ್ತಿದ್ದಾರೆ, ಘಮ ಇಲ್ಲಿಯವರೆಗೂ ಬರುತ್ತಿದೆ. ನಾನು ಎದ್ದೆ.

ನಿನ್ನ ಅಕ್ಕ