ವಾಲ್ಟರ್‌ನ ಕಾಲಮ್

ಮಾರ್ಚ್ 6, 1989
ಮತ್ತೆ ಕೋಷ್ಟಕ. ಪಾರ್ಸಿಪನಿಯ ಇನ್ಶೂರೆನ್ಸ್ ಆಫೀಸಿನಲ್ಲಿ ಈ ತಿಂಗಳೆಲ್ಲ ಇದೇ ಕೆಲಸ — ಯಾವ ವಯಸ್ಸಿನವರಿಗೆ ಇನ್ನೆಷ್ಟು ಆಯುಷ್ಯ ಉಳಿದಿದೆ ಎಂದು ಕಂಪ್ಯೂಟರಿಗೆ ಲೆಕ್ಕ ಕಲಿಸುವುದು. ಸರ್ಕಾರ ಕೊಟ್ಟ ಅಂಕಿಅಂಶದಲ್ಲಿ ಕಾಲಮ್ ಎರಡೇ: ಬಿಳಿಯರು, ಕರಿಯರು. ಕರಿಯರ ಆಯುಷ್ಯ ಕಮ್ಮಿ. ಪಕ್ಕದ ಸೀಟಿನ ವಾಲ್ಟರ್ ತನ್ನ ಕಾಲಮ್ ನೋಡಿ, "ಹಾಗಾದ್ರೆ ಡೋನಟ್ ಈಗಲೇ ತಿಂದುಬಿಡ್ತೀನಿ" ಎಂದ. ನಕ್ಕೆ. ಆಮೇಲೆ ಬೇಜಾರಾಯಿತು.

ನಮ್ಮಂಥ ಇಂಡಿಯನ್ನರಿಗೆ ಕಾಲಮ್ಮೇ ಇಲ್ಲ. ಬಿಳಿಯರದ್ದನ್ನೇ ಇಟ್ಟುಕೊಂಡೆ ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ನಳಿನಾಕ್ಷಿ: "ಕನ್ನಡಿ ನೋಡ್ಕೊಂಡು ಹೇಳ್ತಿದೀರಾ?"

ಮಾರ್ಚ್ 9
ವಾಲ್ಟರ್‌ಗೆ ನಿನ್ನೆ ಎದೆಯುರಿ. ಎಮರ್ಜೆನ್ಸಿಗೆ ಹೋದನಂತೆ. ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕಾಯಿಸಿ, ಆಂಟಾಸಿಡ್ ಕೊಟ್ಟು ಕಳಿಸಿದರಂತೆ. ಗ್ಯಾಸ್ ಎಂದೆ. ಓಮದ ಕಾಳು ಕೊಟ್ಟೆ. ಅಗಿದು, ಕಣ್ಣಲ್ಲಿ ನೀರು ತಂದುಕೊಂಡು, ಥ್ಯಾಂಕ್ಸ್ ಹೇಳಿದ. ಒಳ್ಳೆಯ ಮನುಷ್ಯ.

ಮಾರ್ಚ್ 20
ಈಗ ನನ್ನ ಸರದಿ. ಮೀಟಿಂಗಿನ ನಡುವೆ ಎದೆ ಹಿಡಿದುಕೊಂಡಿತು. ಬೇರೆಯವರ ಎದೆಗೆ ಓಮ ಸಾಕು, ನನ್ನದಕ್ಕೆ ಆಸ್ಪತ್ರೆಯೇ ಬೇಕು ಅನ್ನಿಸಿತು! ವಾಲ್ಟರೇ ಡ್ರೈವ್ ಮಾಡಿ ಅದೇ ಎಮರ್ಜೆನ್ಸಿಗೆ ಕರೆದೊಯ್ದ. ನರ್ಸ್ ನನ್ನ ಮುಖ ನೋಡಿ, ಟೈ ನೋಡಿ, "ನೀವು ಡಾಕ್ಟರಾ?" ಎಂದಳು. ಅವಳು ಕಂಡ ಇಂಡಿಯನ್ನರೆಲ್ಲ ಡಾಕ್ಟರುಗಳೇ ಇರಬೇಕು. ಅಲ್ಲ ಎನ್ನುವಷ್ಟು ಉಸಿರಿರಲಿಲ್ಲ. ತಕ್ಷಣ ವೀಲ್‌ಚೇರ್, ಇಸಿಜಿ, ರಕ್ತ ಪರೀಕ್ಷೆ…

ಗ್ಯಾಸೇ. ಹಿಂದಿನ ದಿನದ ಕಡಲೆಕಾಳಿನ ಹುಳಿ.

ವಾಪಸ್ ಬರುವಾಗ ವಾಲ್ಟರ್: "ನನ್ನನ್ನ ಕಾಯಿಸಿದ ಬೆಂಚು ಅದೇ. ನಿನ್ನನ್ನ ಕೂರೋಕೂ ಬಿಡಲಿಲ್ಲ." ಅವನಿಗೆ ಇಸಿಜಿಯನ್ನೇ ಮಾಡಿರಲಿಲ್ಲವಂತೆ. ನಗುತ್ತಲೇ ಹೇಳಿದ. ನನಗೆ ನಾಚಿಕೆಯಾಯಿತು. ಕೋಷ್ಟಕದಲ್ಲಿ ಆ ಬೆಂಚಿಗೆ ಜಾಗವಿಲ್ಲ. ಅವನನ್ನು ಬೇರೆ ಡಾಕ್ಟರಿಗೆ ತೋರಿಸಬೇಕು.

ಏಪ್ರಿಲ್ 3, ಬೆಳಿಗ್ಗೆ 11, ಎಮರ್ಜೆನ್ಸಿ
ಆಫೀಸ್ ಪ್ಯಾಡಿನಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲಾಗುತ್ತಿಲ್ಲ. ಬೆಳಿಗ್ಗೆ ವಾಲ್ಟರ್ ಆಫೀಸಿನ ಕುರ್ಚಿಯಲ್ಲೇ ಬೆವೆತುಹೋದ. "ಗ್ಯಾಸ್ ಅಷ್ಟೇ. ನಿನ್ನ ಆ ಕಾಳು ಕೊಡು" ಎಂದ. ಬೈದು, ಕಾರಿಗೆ ಹತ್ತಿಸಿಕೊಂಡು ಬಂದೆ. ಅದೇ ನರ್ಸ್. ಅವನಿಗೆ ಬೆಂಚು ತೋರಿಸಿದಳು. ಮೈಯೆಲ್ಲ ಉರಿದುಹೋಯಿತು. ಟೈ ಸರಿಮಾಡಿಕೊಂಡು ಮುಂದೆ ಹೋದೆ. "ನಾನು ಡಾಕ್ಟರ್ ಪ್ರಭಾಕರ. ಇವರು ನನ್ನ ಪೇಷೆಂಟ್. ಇಸಿಜಿ — ಈಗಲೇ!" ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಇಂಗ್ಲಿಷ್ ಮಾತಾಡಿರಲಿಲ್ಲ. ಓಡಿದರು.

ಹಾರ್ಟ್ ಅಟ್ಯಾಕೇ ಅಂತೆ. ಸರಿಯಾದ ಹೊತ್ತಿಗೆ ತಂದಿರಿ ಎಂದರು. ಬದುಕಲಿ, ದೇವರೇ. ಜೈಲಿಗೆ ಬೇಕಾದರೆ ಹೋಗುತ್ತೇನೆ.

ನರ್ಸ್ ಇಸಿಜಿ ಕಾಗದ ಹಿಡಿದು ಇತ್ತಲೇ ಬರುತ್ತಿದ್ದಾಳೆ. ಜೊತೆಗೆ ಹಾರ್ಟಿನ ದೊಡ್ಡ ಡಾಕ್ಟರು. "ಡಾಕ್ಟರ್ ಪ್ರಭಾಕರ, ಇಲ್ಲಿ ನಿಮ್ಮ ಅಭಿಪ್ರಾಯ—"