ಎಲೆತೋಟದಿಂದ ನಾಲ್ಕು ದಿನ

ಗೆಳತಿ ಮಿನಾಜ್,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇದನ್ನು ಹೇಳಲು ನನಗೆ ಬೇರೆ ಯಾರಿದ್ದಾರೆ? ಇವತ್ತು ಬೆಳಿಗ್ಗೆ ನಾನು ಸಿಕ್ಕಿಬಿದ್ದೆ.

ಮುಟ್ಟಾದವಳು ತೋಟದೊಳಗೆ ಕಾಲಿಟ್ಟರೆ ವೀಳ್ಯದೆಲೆಯ ಬಳ್ಳಿ ಸೊರಗುತ್ತದೆ ಎಂಬ ನಂಬಿಕೆ ನಮ್ಮ ದೇವದುರ್ಗದ ಮನೆಯಲ್ಲಿ ಈಗಲೂ ಇದೆ. ತಿಂಗಳಿಗೆ ಆ ನಾಲ್ಕು ದಿನ ಮಾತ್ರ ನನಗೆ ಎಲೆ ಕೊಯ್ಯುವುದು ತಪ್ಪುತ್ತಿತ್ತು. ಆಗಲೇ ಅಲ್ಲವೇ ನಾನು ಮಾನ್ವಿಯ ಬಸ್ಸು ಹತ್ತುತ್ತಿದ್ದದ್ದು? "ಏನಬೇ, ಬಳ್ಳಿ ರಜಾ ಕೊಟ್ಟಾವೇನು?" ಎಂದು ನಗುತ್ತ ನೀನು ಬಾಗಿಲು ತೆರೆಯುತ್ತಿದ್ದೆ.

ಐದು ತಿಂಗಳ ಹಿಂದೆ ನನ್ನ ಮುಟ್ಟು ನಿಂತಿತು. ಯಾರಿಗೂ ಹೇಳಲಿಲ್ಲ. ಪ್ರತಿ ತಿಂಗಳೂ ಮುಟ್ಟಾಗಿದ್ದೇನೆಂದು ಸುಳ್ಳು ಹೇಳಿ ಮಾನ್ವಿಗೆ ಬಂದು, ನಿನ್ನ ಓಣಿಯಲ್ಲಿ ಒಂದು ಸುತ್ತು ಹಾಕಿ ಮರಳುತ್ತಿದ್ದೆ.

ಇವತ್ತು ಅತ್ತೆ ಬಟ್ಟೆ ಒಣಗಿಸುವ ಹಗ್ಗದ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು. "ಐದು ತಿಂಗಳಾತು, ನಿನ್ನ ಮುಟ್ಟಿನ ಅರಿವಿ ಇಲ್ಲಿ ಕಾಣವಲ್ವು. ಮುಟ್ಟು ನಿಂತದ, ಹೌದಿಲ್ಲ?" ನಾನು ತಲೆಯಾಡಿಸಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೆನ್ನು ಸವರಿದರು. "ಚಲೋ ಆತು ಬಿಡವಾ. ಇನ್ನ ದಿನಾ ತೋಟಕ್ಕ ಬರಬಹುದು."

ಬೇಲಿಯ ಹೊರಗೆ ಚಪ್ಪಲಿ ಬಿಟ್ಟು, ಹೆಬ್ಬೆರಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು, ಸಂಜೆಯವರೆಗೆ ಎಲೆ ಕೊಯ್ದೆ.

ರಾಯಚೂರಿನ ಆಸ್ಪತ್ರೆಯಿಂದ ನೀನು "ಒಮ್ಮೆ ಬಂದು ಹೋಗು" ಎಂದು ಹೇಳಿಕಳಿಸಿದಾಗ ನನ್ನ ಮುಟ್ಟಿಗೆ ಇನ್ನೂ ಒಂಬತ್ತು ದಿನವಿತ್ತು. ನಾನು ಕಾದೆ, ಮಿನಾಜ್. ಸುಳ್ಳು ಹೇಳಬಹುದೆಂದು ಆಗ ಹೊಳೆಯಲೇ ಇಲ್ಲ.