ದೇವರು ಕರೆಸಿಕೊಂಡ

ಮೆಂಫಿಸ್
ಅಕ್ಟೋಬರ್ 14, ಭಾನುವಾರ

ಪ್ರೀತಿಯ ವರ್ಲೀನಕ್ಕಾ,

ಮಂಡಿನೋವು ಹೇಗಿದೆ? ಷಿಕಾಗೋದಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಭಾವನ ಹಳೇ ಕೋಟಿನಲ್ಲೇ ಇನ್ನೊಂದು ವರ್ಷ ದೂಡಬೇಡ, ಹೊಸದು ತೆಗೆದುಕೋ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ.

ನನ್ನ ಕ್ಷೌರದಂಗಡಿಯಲ್ಲಿ ಈಗ ಹೊಸ ಕಾನೂನು. ಶನಿವಾರ ಬಂದವರು ಮೊದಲು ತೋಳಿಗೆ ಬಿಪಿ ಪಟ್ಟಿ ಸುತ್ತಿಸಿಕೊಳ್ಳಬೇಕು, ಕತ್ತರಿ ಆಮೇಲೆ. ಇಮಾನಿ ಎಂಬ ಔಷಧ ತಜ್ಞೆ ಬಂದು ಕೂರುತ್ತಾಳೆ, ವೈದ್ಯರ ಒಪ್ಪಿಗೆ ಪಡೆದು ಅಲ್ಲೇ ಮಾತ್ರೆ ಕೊಡುತ್ತಾಳೆ. ನಮ್ಮವಳೇ, ಕಪ್ಪು ಹುಡುಗಿ. ಆಸ್ಪತ್ರೆಯಲ್ಲಿ ಕಂಪ್ಯೂಟರಿನಿಂದ ತಲೆಯೆತ್ತದ ವೈದ್ಯರಿಂದ ‘ನಿಮ್ಮ ಜನ ಮಾತ್ರೆ ಸರಿಯಾಗಿ ನುಂಗಲ್ಲ’ ಅನ್ನಿಸಿಕೊಂಡು ಬಂದ ಗಂಡಸರು ಇವಳ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಯಾರು ಹೇಗೆ ತೀರಿಕೊಂಡರು ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ದೇವರು ಕರೆಸಿಕೊಂಡ.

ಹೋದ ತಿಂಗಳು ಚರ್ಚಿನ ಹಿರಿಯ ಥರ್ಮನ್ ಕೂಡ ಹಾಗೇ ಅಂದ. ಅಪ್ಪ, ಇಬ್ಬರು ಅಣ್ಣಂದಿರು, ಮೂವರನ್ನೂ ದೇವರೇ ಕರೆಸಿಕೊಂಡನಂತೆ. ಅವನ ಹೆಂಡತಿ ಒಡೆಸ್ಸಾ ಬಾಗಿಲಲ್ಲೇ ನಿಂತಿದ್ದಳು. “ದೇವ್ರ ಮೇಲ್ಯಾಕ್ರೀ ಹಾಕ್ತೀರಾ? ಮೂರೂ ಜನ ಲಕ್ವ ಹೊಡ್ದು ಬಿದ್ದಿದ್ದು. ಒಬ್ರಿಗೂ ಐವತ್ತಾಗಿರ್ಲಿಲ್ಲ!” ಎಂದಳು. “ಸತ್ತೋರ ಕಾಯ್ಲೆ ಎತ್ತಿ ಆಡ್ಬಾರ್ದು ಕಣೇ” ಎಂದು ಥರ್ಮನ್ ಗೊಣಗಿದ. “ಸರಿ ಬಿಡಿ, ನೀವ್ ಹೋದ್ಮೇಲೆ ಮೊಮ್ಮಕ್ಳಿಗೂ ಇದೇ ಕತೆ ಹೇಳ್ತೀನಿ” ಎಂದಳು. ಅವತ್ತು ಅವನ ಬಿಪಿಯ ಮೇಲಿನ ಅಂಕಿ ನೂರ ಎಂಬತ್ತೆಂಟು. ಈಗ ನೂರ ಮೂವತ್ತು, ಹೊಸ ಕಾರು ಕೊಂಡವನ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಉಪ್ಪು ಹಾಕಿದ ಹಂದಿಮಾಂಸ ಬಿಟ್ಟೆ ಅನ್ನುವುದು ಮಾತ್ರ ಶುದ್ಧ ಸುಳ್ಳು, ಮೊನ್ನೆ ಅವರ ಮನೆಯಲ್ಲಿ ಅದನ್ನು ಹಾಕಿ ಬೇಯಿಸಿದ ಸೊಪ್ಪಿನ ಪಲ್ಯ ನಾನೂ ತಿಂದಿದ್ದೇನೆ.

ಮಕ್ಕಳಿಗೆಲ್ಲ ನನ್ನ ಮುತ್ತು. ಪ್ರಾರ್ಥನೆ ಮಾಡುವಾಗ ನನ್ನ ಹೆಸರನ್ನೂ ಸೇರಿಸು.

ನಿನ್ನ ತಮ್ಮ,
ಕ್ಲೀವನ್

ಮರೆತಿದ್ದೆ: ನಿನ್ನೆ ಅಂಗಡಿ ಮುಚ್ಚುವ ಮುಂಚೆ ಇಮಾನಿ ನನ್ನನ್ನೂ ಕೂರಿಸಿದಳು. ನೂರ ತೊಂಬತ್ತೆರಡು. ಮಾತ್ರೆ ಶುರುವಾಗಿದೆ, ನಾಳೆ ವೈದ್ಯರನ್ನು ನೋಡಬೇಕು. ಭಯವಾಗಿದೆ ಅಕ್ಕಾ. ಅಮ್ಮ ಹೇಗೆ ಹೋದಳು ಎಂದು ಕೇಳಿದಾಗ ನನ್ನ ಬಾಯಲ್ಲೂ ಅದೇ ಉತ್ತರ ಬಂತು. ಆಗ ನನಗೆ ಏಳು ವರ್ಷ, ನಿನಗೆ ಹದಿನಾರು. ತಲೆನೋವು ತಡೆಯಲಾರದೆ ಅಳುತ್ತಿದ್ದವಳನ್ನು ನೀನು ಆ ವಾರ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಸಲವೂ ಅವರು ಹಿಂದಕ್ಕೆ ಕಳಿಸಿದರು, ಅದೇ ಬಸ್ಸಿನಲ್ಲಿ ವಾಪಸು ಬಂದಿರಿ. ಐವತ್ತು ವರ್ಷ ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಈಗ ಬರೆದು ತಿಳಿಸು: ಅಲ್ಲಿ ಯಾರಾದರೂ, ಒಂದೇ ಒಂದು ಸಲವಾದರೂ, ಅಮ್ಮನ ತೋಳಿಗೆ ಆ ಪಟ್ಟಿ ಸುತ್ತಿದರೇ?